ತೊಟ್ಟಿಲ ಕೋಣೆಯ ಬೀಗದ ಕೈ

ಘಾಟ್ಕೋಪರ್,
೧೨ ಜೂನ್ ೧೯೫೪

ಲೇಬರ್ ಆಫೀಸರ್ ಜಯಸಿಂಹರಾಯರಿಗೆ, ಔಷಧಿ ಬಾಟಲಿ ತೊಳೆಯುವ ವಸಂತಿಯ ನಮಸ್ಕಾರ.

ಸೋಮವಾರ ಸರಕಾರದ ಇನ್‌ಸ್ಪೆಕ್ಟರ್ ಬರುತ್ತಾರೆ, ಮಗುವಿಗೆ ಒಳ್ಳೆಯ ಅಂಗಿ ಹಾಕಿ ಎತ್ತಿಕೊಂಡು ಬಾ ಎಂದು ಹೇಳಿ ಕಳಿಸಿದ್ದೀರಿ. ಹೋದ ಸಲವೂ ತಂದಿದ್ದೆ. ಕಾಯ್ದೆಯಂತೆ ನಮ್ಮ ಮಕ್ಕಳಿಗೆಂದು ಇರುವ ಕಾರ್ಖಾನೆಯ ತೊಟ್ಟಿಲ ಕೋಣೆಯಲ್ಲಿ ಮಗಳು ಮಲಗಿದ್ದನ್ನು ನೋಡಿ ಇನ್‌ಸ್ಪೆಕ್ಟರ್ ಸಾಹೇಬರು ಖುಷಿಯಿಂದ ಬರೆದುಕೊಂಡರು. ಅವರ ಮೋಟಾರು ಗೇಟು ದಾಟಿದ್ದೇ ತಡ, ನಿದ್ದೆಯಲ್ಲಿದ್ದ ಮಗುವನ್ನು ಎತ್ತಿಸಿ ಕೋಣೆಗೆ ಬೀಗ ಹಾಕಿಸಿದಿರಿ. ಮರುದಿನ ಕಿಟಕಿಯಿಂದ ನೋಡಿದೆ. ತೊಟ್ಟಿಲುಗಳಲ್ಲಿ ಖಾಲಿ ಬಾಟಲಿಗಳಿದ್ದವು. ಒಡೆಯಬಾರದೆಂದು ಕೆಳಗೆ ಮೆತ್ತಗೆ ಹುಲ್ಲು ಹಾಸಿದ್ದರು.

ನನ್ನ ಮಗಳಿಗೆ ಈಗ ಏಳು ತಿಂಗಳು. ಹಗಲಿಡೀ ಚಾಳಿನಲ್ಲಿ ನೆರೆಮನೆಯ ರಾಜೀವಿಯಕ್ಕ ಅವಳಿಗೆ ಗಂಜಿತಿಳಿ ಕುಡಿಸುತ್ತಾರೆ. ನಾನು ಇಲ್ಲಿ ಪಾಯಿಖಾನೆಯಲ್ಲಿ ನಿಂತು ಹಾಲು ಹಿಂಡಿ ಚೆಲ್ಲುತ್ತೇನೆ. ರವಿಕೆ ಒದ್ದೆಯಾದರೆ ಕೆಲಸ ಮಾಡಿಸುವ ಮುಕಾದಮ ನೋಡಿ ನಗುತ್ತಾನೆ. ನಿಮ್ಮ ಮನೆಯಲ್ಲೂ ಮೊನ್ನೆ ಹೆರಿಗೆಯಾಯಿತು, ನಮಗೆಲ್ಲ ಪೇಡೆ ಹಂಚಿದಿರಿ. ಎದೆಯಲ್ಲಿ ಹಾಲು ಕಟ್ಟಿದರೆ ಹೇಗಿರುತ್ತದೆ ಎಂದು ಅಮ್ಮನವರನ್ನೇ ಒಮ್ಮೆ ಕೇಳಿ.

ಸೋಮವಾರ ಖಂಡಿತ ಬರುತ್ತೇನೆ. ನಾನೊಬ್ಬಳೇ ಅಲ್ಲ, ಬಾಟಲಿ ತೊಳೆಯುವ ನಮ್ಮ ಖಾತೆಯ ಹನ್ನೊಂದು ಮಂದಿ ತಾಯಂದಿರೂ ಮಕ್ಕಳನ್ನು ತರುತ್ತಾರೆ. ಅಂಗಿ ಮಾತ್ರ ದಿನಾ ಹಾಕುವಂಥದ್ದೇ. ತೊಟ್ಟಿಲುಗಳನ್ನು ಇವತ್ತೇ ಚೆನ್ನಾಗಿ ಕೊಡವಿಸಿ, ಗಾಜಿನ ಚೂರು ಇದ್ದೀತು. ಕೋಣೆಯ ಬೀಗದ ಕೈ ಬೆಳಿಗ್ಗೆಯೇ ನನಗೆ ಕೊಡಿ.

ಸಾಹೇಬರು ಹೋದ ಮೇಲೆ ಅದನ್ನು ವಾಪಸು ಕೇಳಬೇಡಿ.

ಇತಿ,
ವಸಂತಿ