ನನ್ನನ್ನು ಬಿಡಿಸಿಕೊಳ್ಳಲು ನನ್ನ ಸಹಿ ಸಾಲದೇ?

ಅಂಗವಿಕಲರ ನಿಲಯಗಳ ಮೇಲ್ವಿಚಾರಣೆ ಹೊತ್ತಿರುವ ಅಧಿಕಾರಿಗಳೇ,

ನನಗೆ ಮೂವತ್ತನಾಲ್ಕು ವರ್ಷ. ಕೃಷ್ಣಗಿರಿಯ ಹೊರವಲಯದಲ್ಲಿರುವ ನಿಮ್ಮ ನಿಲಯದ ಗೇಟು ದಾಟಿ ಹೊರಗೆ ಹೋಗಬೇಕಾದರೆ ನನಗೆ ನನ್ನ ತಮ್ಮನ ಸಹಿ ಬೇಕು. ಅವನು ನನಗಿಂತ ಆರು ವರ್ಷ ಚಿಕ್ಕವನು. ಮರಳಿನ ಮೇಲೆ ಬೆರಳು ಹಿಡಿದು ಅವನಿಗೆ ಅಕ್ಷರ ತಿದ್ದಿಸಿದವಳು ನಾನು. ಈಗ ಅವನ ಅಕ್ಷರವಿಲ್ಲದೆ ನಾನು ಹೊರಗೆ ಕಾಲಿಡುವಂತಿಲ್ಲ. ಕಾಲಿಡುವುದು ಎಂಬ ಮಾತು ನನ್ನ ವಿಷಯದಲ್ಲಿ ಅಷ್ಟೇನೂ ಸರಿಯಲ್ಲ, ಎರಡು ಕಾಲೂ ಮೂರನೇ ವಯಸ್ಸಿನಲ್ಲಿ ಪೋಲಿಯೋ ಜ್ವರಕ್ಕೆ ಹೋದವು. ಆದರೂ ನಾನು ಹೇಳುವುದು ತಮಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಈ ಮೊದಲು ಮೂರು ಮನವಿಗಳನ್ನು ತಮ್ಮ ಕಚೇರಿಯ ಭಾಷೆಯಾದ ತಮಿಳಿನಲ್ಲಿ ಬರೆಸಿ ತಮಗೆ ಕಳಿಸಿದೆ. ಮೂರಕ್ಕೂ ಉತ್ತರ ಬಂತು, ಅಲ್ಲವೆನ್ನುವುದಿಲ್ಲ. ಮೂರೂ ನನ್ನ ತಮ್ಮನ ವಿಳಾಸಕ್ಕೆ ಬಂದವು. ಬರೆದವಳು ನಾನು, ಉತ್ತರ ಅವನಿಗೆ! ಅದಕ್ಕೇ ಈ ನಾಲ್ಕನೆಯದನ್ನು ನನ್ನ ಭಾಷೆಯಲ್ಲಿ ನಾನೇ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ. ಇಲ್ಲಿಂದ ಹೋಗುವ ಕಾಗದಗಳನ್ನೆಲ್ಲ ಕಚೇರಿಯಲ್ಲಿ ಓದಿ ಆಮೇಲೆ ಅಂಚೆಗೆ ಹಾಕುತ್ತಾರೆ. ಇದು ಹೇಗೆ ಹೊರಬಿತ್ತು ಎಂದು ವಿಚಾರಣೆ ನಡೆಸಿ ಬಡ ನೌಕರರ ತಲೆ ತಿನ್ನಬೇಡಿ. ಅಷ್ಟು ಬಿಡುವಿದ್ದರೆ ಕೆಳಗಿನದನ್ನು ಓದಿ.

ನಾನು ಉದ್ದನಪಲ್ಲಿಯವಳು. ನನ್ನ ತಾಯಿ ದೊಡ್ಡಮುನಿಯಮ್ಮ ಎಂಟನೇ ತರಗತಿಯವರೆಗೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ಒಯ್ದಳು. ಹದಿನಾಲ್ಕು ವರ್ಷದ ಹುಡುಗಿಯನ್ನು ಹಾಗೆ ಹೊರುವುದನ್ನು ಕಂಡ ಹೆಂಗಸರು ದಾರಿಯಲ್ಲಿ ತಡೆದು, "ಹೆಳವಿ ಮಗೀಗೆ ಇಸ್ಕೂಲ್ ಯಾಕವ್ವಾ?" ಎನ್ನುತ್ತಿದ್ದರು. "ಕಾಲ್ ಹೋಗೈತೆ, ತಲೆ ಹೋಗಿಲ್ಲ ಕಣಮ್ಮಿ" ಎಂದು ನನ್ನನ್ನು ಒಮ್ಮೆ ಮೇಲಕ್ಕೆ ಜಗ್ಗಿಕೊಂಡು ಅವ್ವ ಮುಂದೆ ನಡೆಯುತ್ತಿದ್ದಳು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ನಮ್ಮೂರ ರಸ್ತೆ ಬದಿಯಲ್ಲಿ ಅಶ್ವತ್ಥಪ್ಪ ಎಂಬವರು ಮೋಟಾರು ರಿಪೇರಿ ಅಂಗಡಿ ತೆರೆದರು. ಸುತ್ತಲ ಬಾವಿಗಳಿಗೆಲ್ಲ ಆಗ ತಾನೇ ಪಂಪ್‌ಸೆಟ್ಟು ಬಂದಿತ್ತು. ಕರೆಂಟು ಏರಿಳಿದು ವಾರಕ್ಕೆ ನಾಲ್ಕು ಮೋಟಾರು ಸುಡುತ್ತಿದ್ದವು. ಸುಟ್ಟ ತಂತಿಯನ್ನು ಕಿತ್ತು ಹೊಸ ತಾಮ್ರದ ತಂತಿಯನ್ನು ಲೆಕ್ಕ ತಪ್ಪದೆ ಸುತ್ತಿ ಕೂರಿಸಬೇಕು, ಅದು ಕೆಲಸ. ಅವ್ವ ನನ್ನನ್ನು ಅಂಗಡಿಯ ಮುಂದೆ ಇಳಿಸಿ, "ಇವ್ಳ್‌ಗೊಂದ್ ಕೆಲ್ಸ ಕಲ್ಸಣ್ಣ" ಎಂದಳು. ಅಶ್ವತ್ಥಪ್ಪ ನನ್ನ ಕಾಲನ್ನು ನೋಡಲಿಲ್ಲ, ಕೈ ಚಾಚು ಎಂದರು. ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿ, "ಕುಂತ್ಕಂಡು ಮಾಡೋ ಕೆಲ್ಸ ಮಗಾ. ಕುಂತ್ಕಳಾದ್ರಾಗೆ ನಿನ್ನ ಮೀರ್ಸೋರು ಯಾರವ್ರೆ?" ಎಂದು ನಕ್ಕರು. ನಾನೂ ನಕ್ಕೆ. ಆರು ತಿಂಗಳಲ್ಲಿ ಕೆಲಸ ಕಲಿತೆ. ಏಳು ವರ್ಷ ಮಾಡಿದೆ. "ಅಂಜಮ್ಮ ಸುತ್ತಿದ್ದೋ ಬ್ಯಾರೆಯೋರು ಸುತ್ತಿದ್ದೋ?" ಎಂದು ಕೇಳಿ ಮೋಟಾರು ಬಿಟ್ಟುಹೋಗುವ ರೈತರಿದ್ದರು. ಹೊಗಳಿಕೊಳ್ಳುತ್ತಿದ್ದೇನೆ, ಹೌದು. ನಿಮ್ಮ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ "ದುಡಿಯಲು ಅಸಮರ್ಥಳು" ಎಂದು ಬರೆದಿದೆಯಲ್ಲ, ಅದಕ್ಕೆ.

ಎಂಬತ್ತೊಂದರಲ್ಲಿ ಅವ್ವ ತೀರಿಕೊಂಡಳು. ತಮ್ಮ ಚಿನ್ನಸ್ವಾಮಿ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಒಬ್ಬಳನ್ನೇ ಊರಲ್ಲಿ ಬಿಡಲಾರದೆ ನನ್ನನ್ನು ಕರೆದೊಯ್ದ. ಅವನ ಬಾಡಿಗೆ ಮನೆ ಮಹಡಿಯ ಮೇಲೆ, ಹದಿನಾಲ್ಕು ಮೆಟ್ಟಿಲು. ಆ ಒಂದು ವರ್ಷದಲ್ಲಿ ನಾನು ನೆಲಕ್ಕೆ ಇಳಿದದ್ದು ನಾಲ್ಕೇ ಸಲ, ನಾಲ್ಕು ಸಲವೂ ಅವನ ಬೆನ್ನ ಮೇಲೆ. ಅವನು ಕೆಟ್ಟವನಲ್ಲ. ಪಾಳಿ ಮುಗಿಸಿ ಬಂದವನು ಕೂತಲ್ಲೇ ತೂಕಡಿಸುತ್ತಿದ್ದ. ಅವನ ಹೆಂಡತಿ ಬಸುರಿ, ನನ್ನನ್ನು ಎತ್ತಿ ಬಚ್ಚಲಿಗೆ ಕೂರಿಸಲು ಅವಳಿಗೆ ಆಗುತ್ತಿರಲಿಲ್ಲ. ಯಾರೋ ನಿಮ್ಮ ನಿಲಯದ ವಿಷಯ ಹೇಳಿದರು. "ಅಲ್ಲಿ ಮೆಟ್ಲಿಲ್ವಂತೆ ಅಕ್ಕಾ, ನೋಡ್ಕಳೋರು ಅವ್ರಂತೆ" ಎಂದ. ಮೆಟ್ಟಿಲಿಲ್ಲ ಎಂಬ ಒಂದೇ ಮಾತಿಗೆ ನಾನು ಹಿಗ್ಗಿ ಒಪ್ಪಿದೆ. ಅಲ್ಲಿದ್ದುಕೊಂಡು ಕೆಲಸಕ್ಕೆ ಹೋಗಿ ಬರಬಹುದು ಎಂದುಕೊಂಡಿದ್ದೆ. ಸೇರಿಸುವ ಕಾಗದದ ಮೇಲೆ ಚಿನ್ನಸ್ವಾಮಿ ಸಹಿ ಹಾಕಿದ. ನನ್ನ ಸಹಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಆ ದಿನ ಅದು ನನ್ನ ಕಣ್ಣಿಗೆ ಬೀಳದೆ ಹೋಯಿತು.

ನಿಮ್ಮ ನಿಲಯದಲ್ಲಿ ಮೆಟ್ಟಿಲಿಲ್ಲ, ನಿಜ. ಊಟ ಹೊತ್ತಿಗೆ ಸರಿಯಾಗಿ ಬರುತ್ತದೆ. ವರ್ಷಕ್ಕೆರಡು ಸೀರೆ. ಗಣರಾಜ್ಯೋತ್ಸವಕ್ಕೆ ದೊಡ್ಡವರು ಬಂದು ನಮ್ಮ ಕೈಯಲ್ಲಿ ಬಾಳೆಹಣ್ಣು ಇಟ್ಟು, ಫೋಟೋ ತೆಗೆಯುವವರೆಗೆ ತಾವೂ ಅದನ್ನು ಹಿಡಿದುಕೊಂಡಿರುತ್ತಾರೆ. ದಿನವೂ ಸೀಮೆಸುಣ್ಣದ ಅಚ್ಚು ಹಾಕುತ್ತೇವೆ. ಇದಕ್ಕೆಲ್ಲ ನಾನು ಕೃತಜ್ಞಳು. ಆದರೆ ಬಂದ ಎರಡನೇ ವಾರ ಸೂಪರಿಂಟೆಂಡೆಂಟರನ್ನು, "ಸಾರ್, ನಾಳೆ ಪೇಟೆಗೆ ಹೋಗಿ ಬರ್ತೀನಿ" ಎಂದು ಕೇಳಿದಾಗ ಅವರು ತಲೆಯೆತ್ತದೆ, "ಗಾರ್ಡಿಯನ್ ಕೈಯೆಳುತ್ತು ಎಂಗೆ?" ಎಂದರು. ಗಾರ್ಡಿಯನ್ ಸಹಿ ಎಲ್ಲಿ ಎಂದು. ಸೇರಿಸಿದವರು ಬಂದು ಬರೆದುಕೊಟ್ಟರೆ ಮಾತ್ರ ಗೇಟು ತೆಗೆಯುತ್ತಾರಂತೆ, ಒಂದು ದಿನಕ್ಕಾದರೂ ಸರಿ, ಪೂರ್ತಿಯಾದರೂ ಸರಿ. ನಮ್ಮೂರ ದೊಡ್ಡಿಯಲ್ಲೂ ಇದೇ ಕ್ರಮ, ಮಾನ್ಯರೇ. ಕೂಡಿಹಾಕಿದ ದನವನ್ನು ಅದರ ಯಜಮಾನ ಬಂದು ಬಿಡಿಸಿಕೊಂಡು ಹೋಗಬೇಕು. ದನಕ್ಕೆ ಸಹಿ ಹಾಕಲು ಬಾರದು, ಒಪ್ಪಿದೆ. ನನಗೆ ಬರುತ್ತದಲ್ಲ?

ಪಕ್ಕದ ಹಾಸಿಗೆಯ ಭದ್ರಮ್ಮನವರ ವಿಷಯ ಹೇಳಬೇಕು. ನಾನು ಅವರನ್ನು ಭದ್ರಕ್ಕ ಎನ್ನುತ್ತೇನೆ. ಜವಳಗಿರಿಯವರು, ನಲವತ್ತೈದು ವರ್ಷ. ಆನೆ ಬಾರದಂತೆ ರಾಗಿ ಹೊಲ ಕಾಯುವ ಅಟ್ಟಣೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ತಂದೆ ದೊಡ್ಡವೆಂಕಟಪ್ಪ ತಂದು ಇಲ್ಲಿ ಸೇರಿಸಿದ್ದರು. ಎಂಬತ್ಮೂರರ ಮಳೆಗಾಲದಲ್ಲಿ ಆ ಮುದುಕರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿ ಬರುತ್ತೇನೆ ಎಂದು ಭದ್ರಕ್ಕ ಕೈಮುಗಿದು ಕೇಳಿದರು. ಸೂಪರಿಂಟೆಂಡೆಂಟರು ರಿಜಿಸ್ಟರು ತೆಗೆದು ಬೆರಳಾಡಿಸಿದರು. ಅವರಿಗೂ ಸಂಕಟವಾಗಿತ್ತು, ನಾನು ನೋಡಿದೆ. "ಸಹಿ ಹಾಕಬೇಕಾದವರು ನಿಮ್ಮ ಅಪ್ಪ ಒಬ್ಬರೇ ಕಣಮ್ಮ. ಬೇರೆ ಹೆಸರಿಲ್ಲ. ಅವರೇ ಇಲ್ಲ ಅಂದ ಮೇಲೆ ನಾನು ಯಾರ ಸಹಿ ಕೇಳಲಿ?" ಎಂದರು.

"ಅಂಗಾರೆ ಇನ್ಮ್ಯಾಕೆ ನನ್ನ ಬಿಡೋರು ಯಾರು ಸಾಮಿ?" ಎಂದರು ಭದ್ರಕ್ಕ.

ಅವರು ರಿಜಿಸ್ಟರು ಮುಚ್ಚಿದರು. ಅಪ್ಪ ಮಣ್ಣಾಗುವ ಹೊತ್ತಿನಲ್ಲಿ ಮಗಳು ಇಲ್ಲಿ ಅಂಗಳದಲ್ಲಿ ಕೂತು ತಲೆಯ ಮೇಲೆ ನೀರು ಸುರಿದುಕೊಂಡರು. ನೀರು ಎತ್ತಿಕೊಟ್ಟವಳು ನಾನು.

ಒಂದು ಮಾತನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ. ಅದಾದ ಮುಂದಿನ ತಿಂಗಳು ಚಿನ್ನಸ್ವಾಮಿ ಬರಬೇಕಾದ ಭಾನುವಾರ ಬರಲಿಲ್ಲ. ಹೊಸೂರು ರಸ್ತೆಯಲ್ಲಿ ಬಸ್ಸು ಮಗುಚಿದೆ ಎಂದು ಅಡುಗೆಯವಳು ಹೇಳಿದಳು. ಆಗ ಮೊದಲು ನೆನಪಾದದ್ದು ನನ್ನ ತಮ್ಮನ ಮುಖವಲ್ಲ, ಅವನ ಸಹಿ. ಅವನಿಗೆ ಪಾಳಿ ಬದಲಾಗಿತ್ತು ಅಷ್ಟೇ, ಮರುವಾರ ಬಂದ. ಅವನ ಕೈ ಹಿಡಿದು ಅತ್ತೆ. ಯಾಕೆ ಎಂದು ಅವನಿಗೆ ಹೇಳಲಿಲ್ಲ. ಒಡಹುಟ್ಟಿದವನ ಜೀವಕ್ಕಿಂತ ಅವನ ಸಹಿ ದೊಡ್ಡದಾಗುವಂತೆ ಮಾಡಿದ ನಿಯಮವನ್ನು ನೀವು "ರಕ್ಷಣೆ" ಎನ್ನುತ್ತೀರಿ. ನನ್ನಿಂದ ಆ ಪಾಪ ಮಾಡಿಸಿದ್ದಕ್ಕೆ ಬೇರೆ ಹೆಸರು ನಿಮ್ಮ ಕಡತದಲ್ಲಿ ಇದೆಯೇ?

ಕಳೆದ ವರ್ಷ ಅಶ್ವತ್ಥಪ್ಪ ನನ್ನನ್ನು ಹುಡುಕಿಕೊಂಡು ಬಂದರು. ಗೇಟಿನವನು "ಸಂಬಂಧ ಏನು?" ಎಂದು ಕೇಳಿದ್ದಕ್ಕೆ "ಕೆಲ್ಸ ಕಲ್ಸಿದೋನು" ಎಂದರಂತೆ. ಅವನು "ದೂರದ ಸಂಬಂಧಿ" ಎಂದು ಬರೆದುಕೊಂಡ. ಅಶ್ವತ್ಥಪ್ಪನ ಅಂಗಡಿ ಬೆಳೆದಿತ್ತು, ಹಿಂದೆ ಎರಡು ಕೋಣೆ ಕಟ್ಟಿಸಿದ್ದರು. "ಬಾ ಮಗಾ, ಕೋಣೆ ನಿಂಗೆ ಕೊಡ್ತೀನಿ, ನಿಂಗಿಂತ ಚೆಂದಾಗಿ ಸುತ್ತೋರು ಸಿಕ್ಕಿಲ್ಲ" ಎಂದರು. ಭದ್ರಕ್ಕನನ್ನೂ ಕರೆದುಕೊಂಡು ಬರುತ್ತೇನೆ ಎಂದೆ. "ಬರ್ಲಿ" ಎಂದರು. ಬೆಳಿಗ್ಗೆ ಸಂಜೆ ಬಂದು ನೀರು ತುಂಬಿಸಿ, ಭದ್ರಕ್ಕನಿಗೆ ಸ್ನಾನ ಮಾಡಿಸಿ ಹೋಗಲು ಅದೇ ಬೀದಿಯ ಕಮಲಮ್ಮ ಒಪ್ಪಿದರು. ಇಷ್ಟೇ ನೋಡಿ ನಮಗೆ ಬೇಕಾದದ್ದು. ಹೊಸಿಲಿಲ್ಲದ ಬಾಗಿಲು, ಕೈಗೆಟಕುವ ನಲ್ಲಿ, ದಿನಕ್ಕೆ ಎರಡು ಹೊತ್ತು ಒಬ್ಬರ ನೆರವು. ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಚಿನ್ನಸ್ವಾಮಿ ನಾಲ್ಕು ತಿಂಗಳು ಸಹಿ ಹಾಕಲಿಲ್ಲ. "ಬಿಡುಗಡೆಯ ನಂತರ ಆಗುವ ಯಾವುದೇ ಅನಾಹುತಕ್ಕೆ ನಾನೇ ಹೊಣೆ" ಎಂದು ಕಾಗದದಲ್ಲಿ ಅಚ್ಚಾಗಿತ್ತು. ಅದನ್ನು ಓದಿ ಹೆದರಿದ್ದ.

"ಬಿದ್ದು ಗಿದ್ದು ಏನಾರ ಆದ್ರೆ ಊರೋರು ನನ್ನುಗೀತಾರೆ ಕಣಕ್ಕಾ."

"ಬಿದ್ರೆ ನಾನ್ ಬೀಳ್ತೀನಿ ಕಣ್ಲಾ, ನೀನಲ್ಲ."

"ಅಂಗಂದ್ರೆ ಆಯ್ತದಾ? ಅವ್ವ ಸಾಯೋವಾಗ ನಿನ್ನ ನನ್ ಕೈಗೆ ಕೊಟ್ಟು ಹೋದ್ಳು."

"ಅವ್ವ ನನ್ನ ದಿನಾ ಹೊತ್ಕಂಡ್ ಹೋಗಿ ಹೊರಗೆ ಬಿಟ್ಳು. ನೀನ್ ತಂದು ಒಳಗೆ ಬಿಟ್ಟೆ. ನೀನೇ ಯೋಚ್ನೆ ಮಾಡು."

ಅವನು ಅಂಗಿ ತೋಳಿನಿಂದ ಮುಖ ಒರೆಸಿಕೊಂಡು, "ಪೆನ್ ಕೊಡಕ್ಕಾ" ಎಂದ. ನನ್ನ ಕಾಗದಕ್ಕೂ, ನಡೆಯುತ್ತದೋ ಇಲ್ಲವೋ ನೋಡೋಣವೆಂದು ಭದ್ರಕ್ಕನ ಕಾಗದಕ್ಕೂ ತಾನೇ ಹೊಣೆಯೆಂದು ಸಹಿ ಹಾಕಿದ. ಆ ಕ್ಷಣದಲ್ಲಿ ನಾನು ಅವನನ್ನು ಪೂರ್ತಿಯಾಗಿ ಕ್ಷಮಿಸಿದೆ.

ಪೂರ್ತಿ ಬಿಡಬೇಕಾದರೆ ಸಹಿಯೊಂದೇ ಸಾಲದು, ಹೋಗುವ ಮನೆಯ ತನಿಖೆಯೂ ಆಗಬೇಕು ಎಂದರು. ಆಗ ತಾವು ಬಂದಿರಿ. ಜೀಪಿನಲ್ಲಿ, ಇಬ್ಬರು ಗುಮಾಸ್ತರೊಡನೆ, ಉದ್ದನಪಲ್ಲಿಯ ಆ ಎರಡು ಕೋಣೆಗಳ ತನಿಖೆಗೆ. ನಡೆದದ್ದನ್ನು ಅಶ್ವತ್ಥಪ್ಪ ಹೇಳಿದರು. ಗೋಡೆಗೆ ಹಿಡಿದುಕೊಳ್ಳಲು ಕಟ್ಟಿದ ಹಗ್ಗವನ್ನು ತಾವು ಎಳೆದು ನೋಡಿದಿರಿ. ಗಟ್ಟಿಯಾಗಿತ್ತು. ಬಚ್ಚಲಿನ ಅಗಲ ಅಳೆಸಿದಿರಿ. ಸಾಕಷ್ಟಿತ್ತು. "ರಾತ್ರಿ ಯಾರಿರುತ್ತಾರೆ?" ಎಂದಿರಿ. "ಅವ್ರಿಬ್ರೇ ಸಾರ್" ಎಂದರು ಕಮಲಮ್ಮ. ತಾವು "ಯೋಗ್ಯ ರಕ್ಷಕರು ವಾಸವಿಲ್ಲದ ಮನೆ, ಅನುಮತಿ ಇಲ್ಲ" ಎಂದು ಬರೆದು ಜೀಪು ಹತ್ತಿದಿರಿ. ವಾಪಸು ಹೋಗುವಾಗ ನಮ್ಮ ನಿಲಯದಲ್ಲಿ ಇಳಿದು ಕಾಫಿ ಕುಡಿದಿರಿ. ನಾನು ಜಗಲಿಯ ಮೇಲೆ, ತಮ್ಮಿಂದ ಇಪ್ಪತ್ತು ಅಡಿ ದೂರದಲ್ಲಿ ಸೀಮೆಸುಣ್ಣ ಒಣಹಾಕುತ್ತ ಕೂತಿದ್ದೆ. ಹಗ್ಗವನ್ನು ಪರೀಕ್ಷಿಸಿದ ತಾವು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ? ರಾತ್ರಿ ಭಯವಾಗುತ್ತದೆಯೇ ಎಂದಾದರೂ? ಆಗುತ್ತದೆ ಎನ್ನುತ್ತಿದ್ದೆ. ಭಯವಾಗುವ ಹೆಂಗಸರೆಲ್ಲ ತಂತಮ್ಮ ಮನೆಗಳಲ್ಲೇ ಮಲಗುತ್ತಾರಲ್ಲ ಎಂದೂ ಕೇಳುತ್ತಿದ್ದೆ.

ಹೋದ ಡಿಸೆಂಬರಿನ ಚುನಾವಣೆಗೆ ನಿಲಯದ ವ್ಯಾನಿನಲ್ಲೇ ನಮ್ಮನ್ನು ಮತಗಟ್ಟೆಗೆ ಒಯ್ದರು. ಅಲ್ಲಿ ಯಾರೂ ಗಾರ್ಡಿಯನ್ ಎಲ್ಲಿ ಎನ್ನಲಿಲ್ಲ. ನಾನೇ ಸಹಿ ಹಾಕಿದೆ, ಎಂಎಲ್‌ಎಗೊಂದು, ಎಂಪಿಗೊಂದು ಮತ ಹಾಕಿದೆ. ದೇಶ ಆಳುವವರನ್ನು ಆರಿಸಲು ಸಾಕಾದ ಬುದ್ಧಿ ಎರಡು ಕೋಣೆಯಲ್ಲಿ ವಾಸ ಮಾಡಲು ಹೇಗೆ ಸಾಲದೆ ಹೋಯಿತು?

ಅಶ್ವತ್ಥಪ್ಪ ಯುಗಾದಿಯವರೆಗೆ ಕಾದರು. ಆಮೇಲೆ ಕೋಣೆಗಳಲ್ಲಿ ಗೊಬ್ಬರದ ಮೂಟೆ ಹಾಕಿಸಿದರು. "ಬೇಜಾರ್ ಮಾಡ್ಕಬ್ಯಾಡ ಮಗಾ. ನೀನ್ ಬತ್ತೀನಿ ಅಂದ್ರೆ ಒಂದೇ ದಿನ್ದಾಗೆ ಖಾಲಿ ಮಾಡುಸ್ತೀನಿ" ಎಂದು ಹೇಳಿ ಹೋದರು. ನಾನು ಈಗ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಇರುತ್ತೇನೆ, ಕೈ ಕೆಲಸ ಮರೆಯಬಾರದೆಂದು. ಕೆಲವು ಸುತ್ತು ಆಗಲೇ ತಪ್ಪುತ್ತಿದೆ.

ಹೊಸೂರಿನ ಸುತ್ತ ಕಾರ್ಖಾನೆಯವರಿಗಾಗಿ ಬಡಾವಣೆಗಳು ಏಳುತ್ತಿವೆ ಎಂದು ಪತ್ರಿಕೆಯಲ್ಲಿ ಓದುತ್ತೇನೆ. ಅವುಗಳಲ್ಲಿ ನೆಲಮಟ್ಟದ ಕೆಲವು ಮನೆಗಳನ್ನು ನಮ್ಮಂಥವರಿಗೆ ಇಡಿ, ಮೆಟ್ಟಿಲಿಲ್ಲದೆ ಕಟ್ಟಿಸಿ. ಇಲ್ಲಿ ನಮ್ಮನ್ನು ಕಾಯುವ ಆಯಾಗಳಲ್ಲಿ ಇಬ್ಬರನ್ನು ಆ ಮನೆಗಳಿಗೆ ದಿನವೂ ಹೋಗಿಬರಲು ಹಚ್ಚಿ. ವಯಸ್ಸಿಗೆ ಬಂದ ಹೆಣ್ಣು ಗಂಡು ಯಾರೇ ಆಗಲಿ, ಹೊರಗೆ ಹೋಗಲು ಅವರವರ ಸಹಿಯೇ ಸಾಕು ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಅದಕ್ಕೆ ಕಾಲ ಹಿಡಿಯುತ್ತದೆ, ಕಮಿಟಿ ಕೂರಬೇಕು ಎನ್ನುತ್ತೀರಿ. ಕೂರಲಿ. ನಾನೂ ಭದ್ರಕ್ಕನೂ ಅಲ್ಲಿಯವರೆಗೆ ಕಾಯುವುದಿಲ್ಲ. ಬರುವ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬಟ್ಟೆಗಂಟು ಕಟ್ಟಿಕೊಂಡು ಗೇಟಿನ ಒಳಗಡೆ ಕೂತಿರುತ್ತೇವೆ. ತಾವು ಬನ್ನಿ. ಬೀಗ ತೆಗೆಸಿ. ತೆಗೆಸಲಾಗದಿದ್ದರೆ, ನಾವು ಮಾಡಿದ ತಪ್ಪೇನು, ಇಲ್ಲಿ ಎಷ್ಟು ವರ್ಷ ಇರಬೇಕು ಎಂದು ಒಂದು ಕಾಗದದ ಮೇಲೆ ಬರೆದು, ಕೆಳಗೆ ತಮ್ಮ ಸಹಿ ಹಾಕಿ, ನನ್ನ ಕೈಗೇ ಕೊಡಿ.

ಇಂತಿ, ಸದ್ಯಕ್ಕೆ ಬೇರೆ ವಿಳಾಸವಿಲ್ಲದ,
ಅಂಜಮ್ಮ
ಮಹಿಳಾ ವಿಭಾಗ, ಹದಿನೇಳನೇ ಹಾಸಿಗೆ