ಬಟಾಣಿಗೆ ಬಂದ ಆರು ಕಾಗದಗಳು

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಕಂಬದ ಯಜಮಾನರಿಗೆ,

ಹೇಗಿದ್ದೀರಿ? ಮೊಣಕಾಲು ಹೇಗಿದೆ? ಕಳೆದ ಮೂರು ಕಾಗದಗಳಲ್ಲೂ ‘ಪರವಾಗಿಲ್ಲ’ ಎಂದಷ್ಟೇ ಬರೆದಿದ್ದೀರಿ. ನಿಮ್ಮ ಪರವಾಗಿಲ್ಲಕ್ಕೆ ಎಷ್ಟು ಅರ್ಥಗಳಿವೆ ಎಂದು ನನಗೆ ಗೊತ್ತಿಲ್ಲವೇ? ದವಡೆ ಹಲ್ಲು ಕೀಳಿಸಿಕೊಂಡು ಬಂದ ದಿನವೂ ಪರವಾಗಿಲ್ಲ ಎಂದು ಹೇಳಿ ಸಂಜೆಯವರೆಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಿರಿ. ಕರೆಂಟು ಕಂಬ ಹತ್ತುವ ಮುಂಚೆ ಸೊಂಟದ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿ. ಹೊಲಗಳಲ್ಲಿ ಕೆಂಪು ಬಾವುಟ ನೆಟ್ಟ ಕಡೆ, ದಾರಿ ಎಷ್ಟೇ ಹತ್ತಿರವಾಗಲಿ, ಕಾಲಿಡಬೇಡಿ. ನೆಲದಲ್ಲಿ ಹೂತಿಟ್ಟ ಬಾಂಬುಗಳಿಗೆ ಯುದ್ಧ ಮುಗಿದದ್ದು ಇನ್ನೂ ಗೊತ್ತಾಗಿಲ್ಲ ಎಂದು ನೀವೇ ಬರೆದಿದ್ದಿರಿ. ಅದನ್ನು ಓದಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ. ತಮಾಷೆಗೂ ಹಾಗೆ ಬರೆಯಬೇಡಿ.

ನಾವಿಲ್ಲಿ ಚೆನ್ನಾಗಿದ್ದೇವೆ. ಗಾಜಿನ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಊರಿಗೆ ಊರೇ ಕಿಟಕಿಗೆ ಹಲಗೆ ಬಡಿದುಕೊಂಡು ನಾಲ್ಕು ವರ್ಷ ಕತ್ತಲಲ್ಲಿ ಕೂತಿತ್ತಲ್ಲ, ಈಗ ಎಲ್ಲರಿಗೂ ಒಟ್ಟಿಗೇ ಬೆಳಕು ಬೇಕಾಗಿದೆ. ಮಾಲೀಕರಿಗೆ ಕೈ ನಡುಗುತ್ತದೆ, ಆದ್ದರಿಂದ ಅಳತೆ ಅವರದು, ಕೊಯ್ಯುವುದು ನನ್ನದು. ಗಾಜಿನ ಮೇಲೆ ಕಟರ್ ಎಳೆದು, ಮೇಜಿನ ಅಂಚಿಗಿಟ್ಟು ಒತ್ತಿದರೆ ‘ಟಿಕ್’ ಎಂದು ಗೆರೆ ಹಿಡಿದು ಮುರಿಯುತ್ತದೆ. ಮೊದಮೊದಲು ಹತ್ತಕ್ಕೆ ನಾಲ್ಕು ಹಾಳಾಗುತ್ತಿದ್ದವು, ಈಗ ಮಾಲೀಕರು ನನ್ನ ಬೆನ್ನ ಹಿಂದೆ ಬಂದು ನಿಲ್ಲುವುದನ್ನೇ ಬಿಟ್ಟಿದ್ದಾರೆ. ನಮ್ಮ ಮನೆಯ ಬೀದಿ ಕಡೆಯ ಕಿಟಕಿಗೂ ಗಾಜು ಹಾಕಿದೆ. ಎಡಗಡೆಯದು ಸ್ವಲ್ಪ ಸೊಟ್ಟ. ಬಂದಾಗ ಅದನ್ನೇ ಎತ್ತಿ ಆಡಬೇಡಿ.

ಇನ್ನು, ಪ್ರತಿ ಕಾಗದದಲ್ಲೂ ನೀವು ಕೇಳುವ ಪ್ರಶ್ನೆಗೆ ಬರುತ್ತೇನೆ. ‘ಬಟಾಣಿ ಹೇಗಿದ್ದಾಳೆ, ಮನೆಗೆ ಹೊಂದಿಕೊಂಡಳಾ?’ ನಾನು ಪ್ರತಿ ಸಲ ‘ಹೊಂದಿಕೊಂಡಿದ್ದಾಳೆ, ಆರಾಮಾಗಿದ್ದಾಳೆ’ ಎಂದು ಬರೆದೆ. ಅದು ಸುಳ್ಳು. ಈಗ ಬರೆದರೆ ನಿಜವಾಗುತ್ತದೆ, ಅದಕ್ಕೇ ನಡೆದದ್ದನ್ನೆಲ್ಲ ಬರೆಯುವ ಧೈರ್ಯ ಬಂದಿದೆ. ಕೂತು ಓದಿ. ಕಂಬದ ಮೇಲೆ ಓದಬೇಡಿ.

ಯುದ್ಧ ಶುರುವಾದಾಗ ದೂರದ ಊರಿಗೆ ಕಳಿಸಿದ್ದ ಮಕ್ಕಳ ಬಸ್ಸು ಹನ್ನೊಂದು ವಾರಗಳ ಹಿಂದೆ ಶಾಲೆಯ ಮೈದಾನಕ್ಕೆ ಬಂತು. ನಲವತ್ತು ಮಕ್ಕಳು, ಪ್ರತಿಯೊಬ್ಬರ ಕೊರಳಲ್ಲೂ ಒಂದು ರಟ್ಟಿನ ಚೀಟಿ. ನನ್ನ ಕಣ್ಣು ಮೂರು ವರ್ಷದ ಮಗುವನ್ನೇ ಹುಡುಕುತ್ತಿತ್ತು. ನೀವು ಅಂಗೈ ಮೇಲೆ ನಿಲ್ಲಿಸಿ ಬಟಾಣಿ ಎಂದು ಕರೆಯುತ್ತಿದ್ದಿರಲ್ಲ, ಆ ಮಗುವನ್ನು. ಅಷ್ಟರಲ್ಲಿ ನನ್ನ ಎದೆಯುದ್ದದ ಹುಡುಗಿಯೊಬ್ಬಳು ಮುಂದೆ ಬಂದು ನಿಂತಳು. ಬಟ್ಟೆಯ ಇಸ್ತ್ರಿ ಗೆರೆ ಎರಡು ದಿನದ ಪ್ರಯಾಣದಲ್ಲೂ ಮುರಿದಿರಲಿಲ್ಲ. ಕೈ ಮುಗಿದು, “ನಮಸ್ಕಾರ. ನೀವು ನನ್ನ ಅಮ್ಮನಾ?” ಎಂದಳು.

ನಾನು ಹೌದು ಎಂದೆ. ಬಟಾಣಿ ಎಂದು ತಬ್ಬಿಕೊಂಡೆ. ಅವಳು ನೆಟ್ಟಗೆ ನಿಂತೇ “ಬಟಾಣಿ ಅಂದ್ರೆ ಯಾರು?” ಎಂದು ಕೇಳಿದಳು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಅವಳು ಒಂದು ದಿನವೂ ಅಳಲಿಲ್ಲ, ಹಟ ಮಾಡಲಿಲ್ಲ. ಕೊಟ್ಟದ್ದನ್ನು ತಿಂದಳು, ತಟ್ಟೆ ತೊಳೆದಿಟ್ಟಳು. ಅವಳನ್ನು ಸಾಕಿದಾಕೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದವರು. ಹಾಗಾಗಿ ನಮ್ಮ ಮನೆಯಲ್ಲಿ ಒರೆಸುವ ಬಟ್ಟೆಯೂ ನಾಲ್ಕು ಮಡಿಕೆಯಾಗಿ ಕೂರತೊಡಗಿತು. ಮಲಗುವುದಕ್ಕೆ ಕಿಟಕಿಯಿಲ್ಲದ ನಡುಮನೆಯೇ ಆಗಬೇಕು. ನಾನು ಅಷ್ಟು ಆಸೆಯಿಂದ ಕೂರಿಸಿದ ಗಾಜಿನ ಹತ್ತಿರ ಸುಳಿಯಲೇ ಇಲ್ಲ. ಇದೆಲ್ಲ ಸಹಿಸಬಹುದಿತ್ತು. ಆದರೆ ಬಾಯಿ ತೆರೆದರೆ ‘ನೀವು’. “ಅಮ್ಮ, ನೀವು ಮಲಗಿ.” “ನೀವು ಹೋಗಿ ಬನ್ನಿ.” ನಾನು ನಿಮಗೆ ನೀವು ಎನ್ನುವುದು ರೂಢಿ, ಅದರಲ್ಲಿ ಸಲಿಗೆಯೂ ಉಂಟು, ಜಗಳವೂ ಉಂಟು. ಇವಳದು ಹಾಗಿರಲಿಲ್ಲ. ರೇಷನ್ ಅಂಗಡಿಯವನಿಗೂ ನೀವು, ನನಗೂ ನೀವು. ಎದುರುಮನೆಯ ಹುಡುಗಿ ಅವಳಮ್ಮನಿಗೆ “ನಿಂಗೇನ್ ಗೊತ್ತು, ಸುಮ್ನಿರು” ಎಂದು ಬೀದಿಗೆ ಕೇಳುವ ಹಾಗೆ ಕೂಗುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ನೆಂಟರ ಮನೆಗೆ ಬಂದು ಯಾವಾಗ ಹೊರಡುವುದೋ ಎಂದು ಕಾಯುವವರ ಹಾಗಿತ್ತು ಅವಳ ವಿನಯ.

ಈಗ ನನ್ನ ತಪ್ಪು ಹೇಳುತ್ತೇನೆ. ಬಟಾಣಿ ಬಂದ ಎರಡನೇ ವಾರ ಅವಳ ಹೆಸರಿಗೆ ಒಂದು ಕಾಗದ ಬಂತು, ಇಸ್ತ್ರಿಯಮ್ಮನಿಂದ. ಅವಳು ಶಾಲೆಯಲ್ಲಿದ್ದಳು. ಸಂಜೆ ಕೊಡೋಣ ಎಂದುಕೊಂಡೆ. ಸಂಜೆ ಅವಳು ಪುಸ್ತಕದ ಮೇಲೆ ಬಗ್ಗಿ, ಮೆಲ್ಲಗೆ ಏನೋ ಗುನುಗಿಕೊಳ್ಳುತ್ತಿದ್ದಳು. ಈ ಮನೆಯಲ್ಲಿ ಮೊದಲ ಸಲ. ಈ ಕಾಗದ ಕೊಟ್ಟರೆ ಅದೂ ನಿಂತುಹೋಗುತ್ತದೆ ಎನಿಸಿತು. ನಿಮ್ಮ ಹಳೆಯ ಟೂಲ್ ಬಾಕ್ಸಿನಲ್ಲಿ, ಇಕ್ಕಳದ ಕೆಳಗೆ ಇಟ್ಟೆ. ಆಮೇಲೆ ಎರಡನೆಯದು ಬಂತು, ಮೂರನೆಯದು ಬಂತು. ಒಟ್ಟು ಆರು. ಒಡೆದು ಓದಲೂ ಧೈರ್ಯ ಬರಲಿಲ್ಲ, ಹರಿದು ಎಸೆಯಲೂ ಮನಸ್ಸು ಬರಲಿಲ್ಲ. ನನ್ನ ಮಗಳನ್ನು ನಾಲ್ಕು ವರ್ಷ ಸಾಕಿದಾಕೆಯ ಮೇಲೆ ನನಗೆ ಅಷ್ಟು ಮತ್ಸರವಿತ್ತು. ಬರೆಯಲು ನಾಚಿಕೆಯಾಗುತ್ತದೆ.

ಹೋದ ತಿಂಗಳು ಒಂದು ದಿನ ಶಾಲೆ ಬಿಟ್ಟ ಮೇಲೆ ಬಟಾಣಿ ಎಂದಿನಂತೆ ಅಂಗಡಿಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಒಂದು ಖಾಲಿ ಡಬ್ಬದ ಮೇಲೆ ಕೂತಿದ್ದಳು. ನಾನೂ ಮಾಲೀಕರೂ ಶಾಲೆಗೆ ಬೇಕಾದ ದೊಡ್ಡ ಗಾಜೊಂದನ್ನು ಎತ್ತಿ ಹಿಡಿದಿದ್ದೆವು. ಅಂಗಡಿಯ ಎದುರಿಗೇ ಲಾರಿಯ ಟೈರು ಸಿಡಿಯಿತು. ಆ ಸದ್ದಿಗೆ ಮಾಲೀಕರು ಗಾಜು ಬಿಟ್ಟು ನೆಲಕ್ಕೆ ಕುಸಿದರು. ಅರ್ಧ ಗಾಜು ಒಡೆದು ಕಾಲಬಳಿ ಬಿದ್ದಿದೆ, ಉಳಿದರ್ಧ ಕೈಯಲ್ಲಿ ಹಿಡಿದು ಕಂಬದ ಹಾಗೆ ನಿಂತಿದ್ದೇನೆ. ಬಟಾಣಿ ಚೂರುಗಳನ್ನು ತುಳಿದುಕೊಂಡೇ ಓಡಿ ಬಂದಳು. ಪುಣ್ಯಕ್ಕೆ ಕಾಲಲ್ಲಿ ಶೂ ಇತ್ತು. “ಬಿಡಿ ಅದನ್ನ. ಬನ್ನಿ ಅಮ್ಮ, ಬನ್ನಿ,” ಎಂದು ನನ್ನನ್ನು ಎಳೆದು ಮೇಜಿನ ಕೆಳಗೆ ಕೂರಿಸಿ, ಎರಡು ಅಂಗೈಗಳಿಂದ ನನ್ನ ಕಿವಿ ಮುಚ್ಚಿದಳು. “ಎಣಿಸಿ. ಇಪ್ಪತ್ತು ಅನ್ನೋಷ್ಟರಲ್ಲಿ ನಿಂತುಹೋಗತ್ತೆ,” ಎಂದಳು. ನಾನು ಎಣಿಸಿದೆ ಕಣ್ರೀ. ಏಳು ವರ್ಷದ ಮಗು ನನ್ನ ಕಿವಿ ಮುಚ್ಚಿಕೊಂಡು ಕೂತಿತ್ತು, ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ. ಹದಿನೇಳಕ್ಕೆ ಲಾರಿ ಡ್ರೈವರ್ ಒಳಗೆ ಇಣುಕಿ, “ಟೈರು ಅಷ್ಟೇ, ಏನೂ ಆಗಿಲ್ಲ, ಎಲ್ಲರೂ ಎದ್ದೇಳಿ,” ಎಂದ. ಮಾಲೀಕರು ಮೈ ಕೊಡವಿಕೊಂಡು ಎದ್ದು ಒಡೆದ ಗಾಜು ನೋಡಿ, “ಹೋದ್ರೆ ಹೋಗ್ಲಿ, ಚಿಕ್ಕ ಕಿಟಕಿಗಳಿಗೆ ಆಯ್ತು,” ಎಂದರು.

ಅಷ್ಟು ಭಯದಲ್ಲೂ ಅವಳ ಬಾಯಿಂದ ಬಂದದ್ದು ಬಿಡಿ, ಬನ್ನಿ. ಆದರೆ ಆ ಅಂಗೈಗಳು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಹೀಗೆ ಒಂದು ಮಗುವಿನ ಕಿವಿ ಮುಚ್ಚಿ, ಎಣಿಸಲು ಕಲಿಸಿದವರು ಯಾರು? ಎಷ್ಟು ಸಲ ಮುಚ್ಚಿರಬೇಕು? ಮಾರನೇ ದಿನ ಅವಳನ್ನು ಶಾಲೆಗೆ ಕಳಿಸಿ, ಟೂಲ್ ಬಾಕ್ಸ್ ತೆಗೆದು ಆರೂ ಲಕೋಟೆಗಳನ್ನು ಒಡೆದೆ. ಪ್ರತಿಯೊಂದರಲ್ಲೂ ಎರಡು ಹಾಳೆ. ಒಂದರಲ್ಲಿ ಮಗು ಓದಲು ದಪ್ಪ ದಪ್ಪ ಅಕ್ಷರ. ಇನ್ನೊಂದು ಚಿಕ್ಕದಾಗಿ ಮಡಿಚಿದ್ದು, ಅದರ ಮೇಲೆ ‘ಮಗುವಿನ ತಾಯಿಗೆ’ ಎಂದಿತ್ತು.

ನನಗೆ ಬರೆದವುಗಳಲ್ಲಿ ಮೊದಲನೆಯದನ್ನು ಇದ್ದ ಹಾಗೇ ಬರೆಯುತ್ತೇನೆ, ಅಷ್ಟು ಸಲ ಓದಿ ಬಾಯಿಪಾಠವಾಗಿದೆ: “ಅಮ್ಮಾವ್ರೇ, ಮಗು ಕಿಟಕಿ ಪಕ್ಕ ಮಲಗಲ್ಲ, ಬಲವಂತ ಮಾಡ್ಬೇಡಿ. ಹಾಲು ತೀರಾ ಬಿಸಿ ಇದ್ರೆ ಕುಡಿಯಲ್ಲ, ಬೇಡ ಅಂತ ಹೇಳೋಕೂ ನಾಚಿಕೊಂಡು ಹಾಗೇ ಇಟ್ಟಿರ್ತಾಳೆ. ನಿದ್ದೆ ಬರದಿದ್ರೆ ಕಿವಿ ಹಿಂದೆ ಬೆರಳಾಡಿಸಿ. ನಿಮ್ಮ ಫೋಟೋ ದಿನಾ ಸಂಜೆ ತೋರಿಸಿದೀನಿ. ನಿಮ್ಮಮ್ಮ ಬರ್ತಾರೆ, ನಿಮ್ಮಮ್ಮ ಕರೆಸ್ಕೋತಾರೆ ಅಂತಾನೇ ಹೇಳಿ ಬೆಳೆಸಿದೀನಿ. ಎದುರಿಗೆ ನಿಂತಾಗ ನೀವು ಅಂತ ಮರ್ಯಾದೆಯಿಂದ ಮಾತಾಡ್ಬೇಕು, ಸಾಕಿದೋರು ಏನೂ ಕಲಿಸಿಲ್ಲ ಅಂತ ಅವರಿಗೆ ಅನ್ನಿಸಬಾರದು ಅಂತ ಹೇಳಿಕೊಟ್ಟಿದೀನಿ. ನನ್ನನ್ನೂ ಅಮ್ಮ ಅಂತಿದ್ಲು. ಚಿಕ್ಕವಳು, ತಿಳೀದೆ ಅಂದದ್ದು. ತಪ್ಪು ತಿಳ್ಕೋಬೇಡಿ.”

ನೋಡಿದಿರಾ? ಅಷ್ಟು ವಾರ ನನ್ನನ್ನು ಸುಟ್ಟ ಆ ‘ನೀವು’ ನನಗೆಂದೇ ಕಲಿಸಿಕೊಟ್ಟು ಕಳಿಸಿದ ಮರ್ಯಾದೆ. ನಾನೋ, ಬಿಸಿ ಬಿಸಿ ಹಾಲು ಅವಳ ಮುಂದಿಟ್ಟು, ಕುಡಿಯುವುದಿಲ್ಲವಲ್ಲ ಎಂದು ದಿನಾ ಕೊರಗಿದೆ. ಅಡುಗೆಮನೆಯ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಆ ದಿನ ಅಂಗಡಿಗೆ ತಡವಾಗಿ ಹೋದೆ. ಮಾಲೀಕರು ಮುಖ ನೋಡಿ ಅಳತೆಯ ಚೀಟಿ ಕೈಗಿಟ್ಟರು.

ಸಂಜೆ ಬಟಾಣಿಯನ್ನು ಮುಂದೆ ಕೂರಿಸಿಕೊಂಡು ಆರೂ ಕಾಗದ ಕೊಟ್ಟೆ. ಯಾವಾಗ ಬಂದದ್ದು ಎಂದು ಕೇಳಿದಳು. ನೀನು ಬಂದಾಗಿನಿಂದ ಬರುತ್ತಿವೆ, ನಾನೇ ಬಚ್ಚಿಟ್ಟಿದ್ದೆ ಎಂದೆ. ಅವಳು ಅಂಚೆಯ ಮುದ್ರೆಗಳನ್ನು ಒಂದೊಂದಾಗಿ ನೋಡಿದಳು. ಮುಖ ಕೆಂಪಾಯಿತು. ಕಾಗದಗಳನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತು, “ಅಮ್ಮ ನನ್ನ ಮರೆತುಬಿಟ್ರು ಅಂದ್ಕೊಂಡಿದ್ದೆ. ನೀನು ಕೆಟ್ಟವಳು. ನೀನು ಸುಳ್ಳುಗಾರ್ತಿ. ನಿನ್ನ ಹತ್ರ ನಾನು ಮಾತಾಡಲ್ಲ, ಹೋಗು,” ಎಂದು ಕೂಗಿದಳು. ನಡುಮನೆಯ ಬಾಗಿಲು ದಢಾರನೆ ಹಾಕಿಕೊಂಡಳು. ಆಮೇಲೆ ಅತ್ತಳು. ಬಸ್ಸಿನಿಂದ ಇಳಿದಾಗ ಅಳಬೇಕಿದ್ದದ್ದು, ಅದಕ್ಕೂ ಮುಂಚೆ ಎಂದೋ ಅಳಬೇಕಿದ್ದದ್ದು, ಎಲ್ಲ ಸೇರಿಸಿ ಅತ್ತಳು. ನಾನು ಬಾಗಿಲಾಚೆ ಕೂತು, ತಪ್ಪಾಯ್ತು ಮಗಳೇ ಎನ್ನುತ್ತಲೇ ಇದ್ದೆ. ಬೈಸಿಕೊಂಡು ಇಷ್ಟು ಹಗುರಾದವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು.

ಮೂರು ದಿನ ಮಾತಿಲ್ಲ. ತಟ್ಟೆಯನ್ನೂ ತೊಳೆಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕಾಗದ ಹಿಡಿದು ಬಂದು, ಒಂದು ಅಕ್ಷರ ತಿಳಿಯುತ್ತಿಲ್ಲ, ಓದಿ ಹೇಳು ಎಂದಳು. ಅಕ್ಷರ ಸ್ಪಷ್ಟವಾಗಿಯೇ ಇತ್ತು. ಆರೂ ಕಾಗದಗಳನ್ನು ಜೋರಾಗಿ ಓದಿದೆ, ಅವಳು ನನ್ನ ತೊಡೆಗೆ ಒರಗಿ ಕೇಳಿದಳು. ಅಂದಿನಿಂದ ಹಾಲು ಆರಿಸಿ ಕೊಡುತ್ತೇನೆ. ಕಿವಿ ಹಿಂದೆ ಬೆರಳಾಡಿಸಿದರೆ ಎರಡು ನಿಮಿಷಕ್ಕೆ ನಿದ್ದೆ. ಈಗೀಗ ಒಂದೇ ಮಾತಿನಲ್ಲಿ ನೀವೂ ಬರುತ್ತದೆ, ನೀನೂ ಬರುತ್ತದೆ. ಶಾಲೆಯಿಂದ ದೂರೂ ಬಂದಿದೆ: ಪಕ್ಕದವಳ ಜಡೆ ಎಳೆದಳಂತೆ. ಟೀಚರ್ ಗಂಭೀರವಾಗಿ ಹೇಳುತ್ತಿದ್ದರು, ನಾನು ನಗು ತಡೆಯಲು ಕೆನ್ನೆಯೊಳಗೆ ಕಚ್ಚಿಕೊಂಡು ನಿಂತಿದ್ದೆ. ಕಿಟಕಿಯ ಹತ್ತಿರ ಈಗಲೂ ಮಲಗುವುದಿಲ್ಲ. ಮಲಗದಿರಲಿ. ನಿಮ್ಮ ಬಗ್ಗೆ ದಿನಕ್ಕೊಂದು ಪ್ರಶ್ನೆ ಇದೆ. ಅಪ್ಪ ಕಂಬದ ಮೇಲೆ ಹಸಿವಾದರೆ ಏನು ಮಾಡ್ತಾರೆ, ಇಳಿಯೋದು ಯಾವಾಗ, ಮೀಸೆಗೆ ಕರೆಂಟು ಹೊಡೆಯಲ್ವಾ? ಉತ್ತರ ನೀವೇ ಬರೆಯಿರಿ, ದಪ್ಪ ಅಕ್ಷರದಲ್ಲಿ.

ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ನಾನು ಕೇಳಿದೆನೆಂದು ತಿಳಿಸಿ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡಿ. ಮಗಳು ನಿಮಗೆ ಒಂದು ಮುತ್ತು ಕಳಿಸಿದ್ದಾಳೆ, ಕಾಗದದ ಮೂಲೆ ಅದಕ್ಕೇ ಒದ್ದೆಯಾಗಿದೆ. ಕೆಲಸ ಮುಗಿಸಿ ಬೇಗ ಬನ್ನಿ.

ಇಂತಿ,
ನಿಮ್ಮ ದಾರಿ ಕಾಯುತ್ತಿರುವ
ಗಾಜಿನಂಗಡಿಯವಳು

ಮರೆತಿದ್ದೆ: ಮರೆತದ್ದೂ ಅಲ್ಲ, ಬರೆಯಲು ಹೆದರಿ ಇಲ್ಲಿಯವರೆಗೆ ಎಳೆದೆ. ಆರನೇ ಕಾಗದದ ಕೊನೆಯಲ್ಲಿ ಇಸ್ತ್ರಿಯಮ್ಮ, ಶೆಲ್ ಬಿದ್ದು ಬಿರುಕುಬಿಟ್ಟ ಅವರ ಕಟ್ಟಡವನ್ನು ಈ ತಿಂಗಳು ಕೆಡವುತ್ತಾರೆ, ಇನ್ನು ಈ ವಿಳಾಸಕ್ಕೆ ಬರೆಯಬೇಡಿ, ಹೊಸ ವಿಳಾಸ ಇನ್ನೂ ಇಲ್ಲ ಎಂದು ಬರೆದಿದ್ದರು. ಅವರಿಗೆ ಬೇರೆ ಯಾರೂ ಇಲ್ಲ. ಬಟಾಣಿಗೆ ಓದಿ ಹೇಳಿದ ದಿನವೇ ಅಂಚೆ ಕಚೇರಿಗೆ ಓಡಿ ತಂತಿ ಕೊಟ್ಟೆ, ನಮ್ಮ ಮನೆಗೇ ಬಂದುಬಿಡಿ, ಮಗಳೂ ಕರೆಯುತ್ತಿದ್ದಾಳೆ, ನಾನೂ ಕರೆಯುತ್ತಿದ್ದೇನೆ ಎಂದು. ಎರಡು ಸಲ ಬೇಡ ಎಂದರು, ಮೂರನೇ ತಂತಿಗೆ ಒಪ್ಪಿದರು. ಗುರುವಾರದ ಬಸ್ಸಿಗೆ ಬರುತ್ತಾರೆ. ನಿಮ್ಮನ್ನು ಕೇಳದೆ ಮಾಡಿದ್ದಕ್ಕೆ ಬಂದ ಮೇಲೆ ಬೈಯಿರಿ. ಅವರ ಹಾಸಿಗೆಗೆ ಜಾಗ ಬೇಕಿತ್ತು, ನಿಮ್ಮ ಮಂಚವನ್ನು ಕಿಟಕಿ ಪಕ್ಕಕ್ಕೆ ಸರಿಸಿದ್ದೇವೆ.