ಸೋತ ಚುನಾವಣೆಯ ಬಿಲ್ಲೆ

ಹಗರಿಬೊಮ್ಮನಹಳ್ಳಿ
28 ನವೆಂಬರ್ 2024

ಪ್ರೀತಿಯ ರಮಕ್ಕಾ,

ಮೊಣಕಾಲು ನೋವು ಈಗ ಹೇಗಿದೆ? ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿಕೊಂಡೆಯಂತೆ, ಭಾವ ಹೇಳಿದರು. ಒಳ್ಳೆಯದಾಯಿತು. ಚಿಕ್ಕೋಡಿಯ ಚಳಿಗೆ ಕಾಲು ಬೆಚ್ಚಗಿಟ್ಟುಕೋ. ನಾವೆಲ್ಲ ಕ್ಷೇಮ. ಈ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ಆ ಚುನಾವಣೆಯ ಮಾತೆತ್ತಿದರೆ ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಪೂರ್ತಿ ಓದು.

ಮೊನ್ನೆ ಸಂವಿಧಾನ ದಿನಕ್ಕೆ ನಮ್ಮ ಕಾಲೇಜಿನಲ್ಲಿ ನನ್ನ ಬಿಲ್ಲೆಗಳ ಪ್ರದರ್ಶನ ಇಟ್ಟಿದ್ದರು. ಹೌದು, ಅಟೆಂಡರ್ ಭೀಮೇಶನದೇ! ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಸಭೆ ಮುಗಿದ ಮೈದಾನಗಳಲ್ಲಿ ಇಪ್ಪತ್ತು ವರ್ಷ ಬಗ್ಗಿ ಆರಿಸಿ ತಂದ ಚುನಾವಣೆಯ ಬಿಲ್ಲೆಗಳು, ಕರಪತ್ರಗಳು, ಕಾಗದದ ಟೊಪ್ಪಿಗೆಗಳು. ತುಕ್ಕು ಹಿಡಿಯದಿರಲೆಂದು ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಊರೆಲ್ಲ ಬೇಡಿ ತಂದು ಅವುಗಳ ನಡುವೆ ಇಟ್ಟಿದ್ದೆನಲ್ಲ, ಅದು ಸಾರ್ಥಕವಾಯಿತು. ಒಲೆಗೆ ಹಾಕುತ್ತೇನೆಂದು ದಿನಾ ಹೆದರಿಸುತ್ತಿದ್ದ ನನ್ನ ಹೆಂಡತಿ ಮಾರೆಮ್ಮ ಅವತ್ತು ಹೊಸ ಸೀರೆಯುಟ್ಟು ಬಂದು, ನೋಡಲು ಬಂದವರಿಗೆಲ್ಲ ತಾನೇ ವಿವರಿಸುತ್ತಿದ್ದಳು. ಗೆದ್ದವರದು, ಠೇವಣಿ ಕಳೆದುಕೊಂಡವರದು, ಎಲ್ಲ ಒಂದೇ ಬಟ್ಟೆಯ ಮೇಲೆ ಚುಚ್ಚಿದ್ದೆ. "ಯಾವುದಾದರೂ ಸಿಗದೇ ಹೋದದ್ದು ಇದೆಯೇ?" ಎಂದು ಪ್ರಾಂಶುಪಾಲರು ಕೇಳಿದರು. ನಿನ್ನದೇ ಇರಲಿಲ್ಲವಲ್ಲ ಅಕ್ಕಾ.

ನೀನು ತಾಲ್ಲೂಕು ಪಂಚಾಯಿತಿಗೆ ಪಕ್ಷೇತರಳಾಗಿ ನಿಂತಾಗ ಬಿಲ್ಲೆ ಮಾಡಿಸುವ ಶಕ್ತಿ ನಮಗಿರಲಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ದುಂಡಗೆ ಕತ್ತರಿಸಿ, ನಿನ್ನ ಗುರುತಾದ ಹೊಲಿಗೆ ಯಂತ್ರವನ್ನು ನಾನೇ ಬಿಡಿಸಿದ್ದೆ. ನಲವತ್ತೊಂದು ಓಟಿನಿಂದ ಸೋತ ಸಂಜೆ ನೀನು ಉಳಿದದ್ದನ್ನೆಲ್ಲ ಅಂಗಳದಲ್ಲಿ ಸುಟ್ಟೆ. "ಒಂದೂ ಉಳೀಬಾರದು, ಹುಡುಕಿ ತಾ" ಎಂದೆ. ನಾನು ಹುಡುಕಿ ತಂದುಕೊಟ್ಟೆ. ಒಂದನ್ನಾದರೂ ಬಚ್ಚಿಡಬೇಕಿತ್ತು, ಅಷ್ಟು ಬುದ್ಧಿ ಇರಲಿಲ್ಲ.

ಮಧ್ಯಾಹ್ನ ನಮ್ಮ ಕಾಲೇಜಿನ ಹುಡುಗಿ ಗೀತಾಂಜಲಿ ತನ್ನ ಅಜ್ಜಿಯನ್ನು ಕರೆತಂದಳು. ಅಜ್ಜಿ ಗುಡೇಕೋಟೆಯ ಚೌಡಕ್ಕ, ಆಡು ಕಾಯುವವಳು. ಒಂದೊಂದೇ ಬಿಲ್ಲೆ ನೋಡುತ್ತಾ ಕೊನೆಯವರೆಗೂ ಹೋಗಿ, ತಿರುಗಿ ಬಂದು, "ಆಡಿನ ಗುರುತಿಂದು ಎಲ್ಲೈತಪಾ?" ಎಂದಳು. ಅಂಥ ಗುರುತೇ ಇಲ್ಲಜ್ಜಿ ಎಂದೆ. "ಐತಿ. ನಮ್ಮ ಟೈಲರಮ್ಮಂದು" ಎಂದವಳೇ ಎಲೆಯಡಿಕೆಯ ಸಂಚಿ ಬಿಚ್ಚಿ, ಒಳಪದರಿನಿಂದ ಒಂದು ಕಾಗದದ ಬಿಲ್ಲೆ ತೆಗೆದು ನನ್ನ ಕೈಗಿಟ್ಟಳು. ಸುಣ್ಣದ ಕಲೆ, ಎಲೆಯ ವಾಸನೆ. ನಾನೇ ಬಿಡಿಸಿದ್ದು! ಆ ಹೊಲಿಗೆ ಯಂತ್ರ ನಿಜಕ್ಕೂ ಆಡಿನ ಹಾಗೇ ಇದೆ ಅಕ್ಕಾ.

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಓಟಿನ ದಿನ ಮತಗಟ್ಟೆಯ ಬಾಗಿಲಲ್ಲಿ ಪೊಲೀಸರು ಇದನ್ನು ತೆಗೆಸಿದಾಗ ಸಂಚಿಗೆ ಹಾಕಿಕೊಂಡಿದ್ದಳಂತೆ. "ಒಳಗ ಆಡು ಕಾಣಲಿಲ್ಲ. ಹೊಲಿಗಿ ಮಿಷನ್ ಕಂಡ ಮ್ಯಾಲ ಟೈಲರಮ್ಮ ಅಂದ್ರ ಇದ ಇರಬೇಕಂತ ಒತ್ತೀನಿ. ಗುಡ್ಡ ಹತ್ತಿ ನಮ್ಮ ಗುಡಿಸಲಿಗೆ ಬಂದು ಓಟು ಕೇಳಿದಾಕಿ ಆಕಿ ಒಬ್ಬಾಕಿನ. ನನಗ ರೀ ಅಂದು ಮಾತಾಡ್ಸಿದ್ಲು" ಎಂದಳು. ಪ್ರಾಂಶುಪಾಲರೂ ಮಕ್ಕಳೂ ಸುತ್ತ ನಿಂತು ಕೇಳುತ್ತಿದ್ದರು. ಆ ಟೈಲರಮ್ಮ ನನ್ನ ಸ್ವಂತ ಅಕ್ಕ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಇಷ್ಟು ವರ್ಷದಲ್ಲಿ ಅದನ್ನು ಅಷ್ಟು ಜೋರಾಗಿ ಹೇಳಿದ್ದು ಅದೇ ಮೊದಲು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮಾರೆಮ್ಮ ನಿನ್ನನ್ನು ತುಂಬ ಕೇಳಿದಳು. ಜೈಭೀಮ್.

ನಿನ್ನ ತಮ್ಮ,
ಭೀಮೇಶ್

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯವಾದದ್ದೇ ಬಿಟ್ಟಿದ್ದೆ. ಆ ಬಿಲ್ಲೆ ನನ್ನ ಹತ್ತಿರ ಇಲ್ಲ. ಎಷ್ಟು ಕೇಳಿದರೂ ಚೌಡಕ್ಕ ಕೊಡಲಿಲ್ಲ. "ಆಕಿ ಬರಲಿ, ಆಕಿ ಕೈಯಾಗ ಕೊಡ್ತೀನಿ" ಎಂದು ವಾಪಸ್ ಸಂಚಿಗೆ ಹಾಕಿಕೊಂಡು ಬಸ್ ಹತ್ತಿದಳು. ಹತ್ತುವಾಗ, "ಈ ಸಲ ಯಾವ ಗುರುತು ಅಂತ ಕೇಳಿ ಹೇಳಪಾ" ಎಂದಳು. ನಾನೇನು ಹೇಳಲಿ ಅಕ್ಕಾ?